ಘಟ್ಟವಿಳಿಯುವ ಗಾಡಿ

ಬದಿಯಡ್ಕದ ಕಡೆಯ ವಾಚಕಿಯೊಬ್ಬರು ನಮಗೊಂದು ಪತ್ರ ಬರೆದಿದ್ದಾರೆ. ಅವರ ಮಗನಿಗೆ ಹಳೆಯದೊಂದು ಡೀಸೆಲ್ ಗಾಡಿಯನ್ನು ಕೊಳ್ಳುವ ಆಸೆ. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ದೊರೆಯುವ, ಉದ್ದ ಒಡಲಿನ ಗಾಡಿ. ಅದರೊಳಗೆ ಮಂಚ, ಮಾಡಿನ ಮೇಲೆ ಗುಡಾರ, ಮುಂದೆ ಕಬ್ಬಿಣದ ಕಂಬಿ, ಅಗಲದ ಟಯರು, ಎಲ್ಲವನ್ನೂ ಮಾಡಿಸಿ ಮನೆಮಂದಿಯನ್ನು ಊರೂರು ಸುತ್ತಿಸುವನಂತೆ. "ಇದು ಬುದ್ಧಿವಂತಿಕೆಯೋ ಹುಚ್ಚೋ ತಿಳಿಸಿ" ಎಂದು ಆ ತಾಯಿಯ ಕೋರಿಕೆ. ಅಂಥದೇ ಗಾಡಿಯೊಂದು ನಮ್ಮ ಅಂಗಳದಲ್ಲೂ ಹದಿನೆಂಟು ವರ್ಷಗಳಿಂದ ನಿಂತಿರುವುದರಿಂದ ಹುಚ್ಚೆಂದು ಹೇಳಲು ನಾವು ಅರ್ಹರಲ್ಲ. ಆದರೆ ಮಂಚ ಮತ್ತು ಗುಡಾರಗಳ ಮಾತಿಗೆ ಮೊದಲು ಹೇಳಬೇಕಾದ ಸಂಗತಿಯೊಂದಿದೆ.

ಎರಡು ವರ್ಷಗಳ ಹಿಂದೆ ತಾಳವಾಡಿಯ ಕನ್ನಡ ಬಂಧುಗಳ ಮನೆಯಲ್ಲಿ ಮದುವೆ. ಮುಳ್ಳೇರಿಯ, ಜಾಲ್ಸೂರು, ಸುಳ್ಯ, ಸಂಪಾಜೆಯ ದಾರಿಯಾಗಿ ಮಡಿಕೇರಿಯನ್ನು ಹತ್ತಿ, ಕುಟ್ಟದಿಂದ ಮಾನಂದವಾಡಿಗಿಳಿದು, ಸುಲ್ತಾನ್ ಬತ್ತೇರಿಯಲ್ಲಿ ಒಂದಿರುಳು ತಂಗಿದೆವು. ಅಲ್ಲಿಂದ ಗುಂಡ್ಲುಪೇಟೆಗೆ ಹೋಗುವ ಕಾಡುದಾರಿಯಲ್ಲಿ 2009ರಿಂದಲೂ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಸಂಚಾರಕ್ಕೆ ನಿಷೇಧವಿರುವುದನ್ನು ಪ್ರಯಾಣಿಕರು ನೆನಪಿನಲ್ಲಿಡತಕ್ಕದ್ದು. ಎಪ್ಪತ್ತೆಂಟು ವರ್ಷದ ಅಮ್ಮ ಹಿಂದಿನ ಆಸನದಲ್ಲಿ ದಿಂಬುಗಳ ನಡುವೆ ಕುಳಿತು ಮೂರು ರಾಜ್ಯಗಳ ಕನ್ನಡವನ್ನು ಕಿವಿಯಾರೆ ಕೇಳುತ್ತಾ ಬಂದರು. ಮದುವೆ ಮುಗಿದ ಮರುದಿನ ಬಣ್ಣಾರಿ ಅಮ್ಮನ ದರ್ಶನ ಮಾಡಿಯೇ ಹಿಂತಿರುಗಬೇಕೆಂದು ಅವರ ಹಟ. ಹಾಗಾಗಿ ದಿಂಬಂ ಘಟ್ಟವನ್ನಿಳಿಯಲು ಹೊರಟೆವು. ಇಪ್ಪತ್ತೇಳು ಕಡಿದಾದ ತಿರುವುಗಳ ಘಟ್ಟವದು. ಅಮ್ಮ ಒಂದೊಂದನ್ನೂ ಬೆರಳು ಮಡಿಚಿ ಎಣಿಸತೊಡಗಿದರು.

ಮುಂದೆ ಕಬ್ಬು ತುಂಬಿದ ಲಾರಿಯೊಂದು ಆಮೆಯಂತೆ ಇಳಿಯುತ್ತಿತ್ತು. ನಾವು ಮೂರನೆಯ ಗೇರಿನಲ್ಲಿಯೇ ಇದ್ದು, ಅದರ ಹಿಂದೆ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಸಾಗಿದೆವು. ಅಮ್ಮ "ಹತ್ತು" ಎಂದಾಗ ಪೆಡಲು ಕಾಲಿನಡಿಯಲ್ಲಿ ಹಸಿ ಮಣ್ಣಿನಂತೆ ಮೆತ್ತಗಾಗಿ ನೆಲ ಮುಟ್ಟಿತು. ಎದೆ ಒಮ್ಮೆ ನಿಂತಂತಾಯಿತು. ಎರಡು ಮೂರು ಬಾರಿ ಬೇಗಬೇಗನೆ ತುಳಿದಾಗ ಅಲ್ಪಸ್ವಲ್ಪ ಹಿಡಿತ ಸಿಕ್ಕಿತು. ಎರಡನೆಯ ಗೇರು, ಬಳಿಕ ಮೊದಲನೆಯದು, ಕೈಬ್ರೇಕು ಎಂದು ಹೇಗೋ ಹಾಗೆ ಗಾಡಿಯನ್ನು ಗುಡ್ಡದ ಬದಿಗೆ ಒರಗಿಸಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟೆವು. ಹುಲಿಗಳಿರುವ ರಕ್ಷಿತಾರಣ್ಯದಲ್ಲಿ ಹಾಗೆ ನಿಲ್ಲುವುದು ಸರಿಯಲ್ಲ. ಆದರೆ ಅಂದು ಬೇರೆ ದಾರಿಯಿರಲಿಲ್ಲ.

ಬ್ರೇಕು ಕೈಕೊಡುವುದರಲ್ಲಿ ಬಗೆಗಳಿವೆ. ಪೆಡಲು ಗಟ್ಟಿಯಾಗಿಯೇ ಇದ್ದು ಗಾಡಿ ಮಾತ್ರ ನಿಲ್ಲದಿದ್ದರೆ ಡ್ರಮ್ಮಿನೊಳಗಿನ ಲೈನಿಂಗು ಕಾದು ಹಿಡಿತ ಕಳೆದುಕೊಂಡಿದೆಯೆಂದರ್ಥ. ತೊರೆ ದಾಟಿ ಡ್ರಮ್ಮು ನೆನೆದರೂ ಹೀಗಾಗುವುದುಂಟು. ಪೆಡಲು ಕಲ್ಲಿನಂತಾದರೆ ಬೂಸ್ಟರಿಗೆ ಗಾಳಿಯೆಳೆತದ ನೆರವು ತಪ್ಪಿದೆ. ಪೆಟ್ರೋಲ್ ಎಂಜಿನ್ನು ಈ ಎಳೆತವನ್ನು ತಾನೇ ಒದಗಿಸುತ್ತದೆ. ಡೀಸೆಲ್ಲಿನದು ಒದಗಿಸದು, ಅದಕ್ಕಾಗಿ ಪ್ರತ್ಯೇಕ ಪಂಪು ಇರುತ್ತದೆ. ಎಂಜಿನ್ನು ನಿಂತರೆ ಪಂಪೂ ನಿಂತಿತು. ಎರಡು ಮೂರು ತುಳಿತದೊಳಗೆ ನೆರವೆಲ್ಲ ಮುಗಿಯಿತು. ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಎಂಜಿನ್ ಆರಿಸುವ ಮಹನೀಯರು ಇದನ್ನು ಎರಡು ಸಲ ಓದಬೇಕೆಂದು ಪ್ರಾರ್ಥನೆ. ನಮ್ಮದಾದರೋ ಮೂರನೆಯ ಬಗೆ. ಪೆಡಲು ಮೆತ್ತಗಾದರೆ ಬ್ರೇಕ್ ಎಣ್ಣೆ ಕುದಿದಿದೆಯೆಂದು ತಿಳಿಯಬೇಕು. ಈ ಎಣ್ಣೆ ಗಾಳಿಯೊಳಗಿನ ತೇವವನ್ನು ಹೀರುವ ಗುಣದ್ದು. ಡಾಟ್ 3 ಎಂಬ ದರ್ಜೆಯ ಹೊಸ ಎಣ್ಣೆ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದಿರಬೇಕೆಂದು ನಿಯಮ. ತೇವ ಹೀರಿಕೊಂಡ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದಿದಾಗ ಏಳುವ ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆಯೇ ಹೊರತು ಬ್ರೇಕನ್ನು ತಳ್ಳುವುದಿಲ್ಲ. ಕರಾವಳಿಯ ಮಳೆಗಾಲವನ್ನು ಕಂಡ ಗಾಡಿಗೆ ಎರಡು ವರ್ಷಕ್ಕೊಮ್ಮೆಯಾದರೂ ಎಣ್ಣೆ ಬದಲಿಸಲೇಬೇಕು.

ಹೊರಡುವ ಮೊದಲು ನಾವು ಬದಲಿಸಿಯೂ ಇದ್ದೆವು. ಅಥವಾ ಹಾಗೆಂದು ನಂಬಿದ್ದೆವು. ಗ್ಯಾರೇಜಿನ ರಸೀದಿಯಲ್ಲಿ ಹೊಸ ಎಣ್ಣೆಯ ಬೆಲೆ ಬರೆದಿತ್ತು, ನಾವು ಕೊಟ್ಟೂ ಇದ್ದೆವು. ಘಟ್ಟದ ನಡುವೆ ಡಬ್ಬಿಯ ಮುಚ್ಚಳ ತೆಗೆದು ನೋಡಿದರೆ ಕಾಫಿಯ ಡಿಕಾಕ್ಷನ್ನಿನ ಬಣ್ಣ! ಆ ಗ್ಯಾರೇಜಿನ ಹೆಸರನ್ನು ಬರೆಯುವುದಿಲ್ಲ. ಏಕೆಂದರೆ ಅರ್ಧ ತಪ್ಪು ನಮ್ಮದೇ. ಮುಚ್ಚಳ ತೆಗೆದು ನೋಡಲು ಅರೆನಿಮಿಷ ಸಾಕಿತ್ತು, ನೋಡಲಿಲ್ಲ. ಘಟ್ಟದ ನೆತ್ತಿಯಲ್ಲಿಯೇ ಎರಡನೆಯ ಗೇರಿಗೆ ಇಳಿಸಬೇಕಾಗಿತ್ತು, ಇಳಿಸಲಿಲ್ಲ. ಹತ್ತಿದ ಗೇರಿನಲ್ಲಿಯೇ ಇಳಿಯಬೇಕೆಂದು ಹಳೆಯ ಲಾರಿ ಚಾಲಕರು ನಮಗೆ ಎಳೆಯ ವಯಸ್ಸಿನಲ್ಲೇ ಹೇಳಿಕೊಟ್ಟಿದ್ದರು.

ಒಂದು ಗಂಟೆ ಕಾದೆವು. ಚಕ್ರಗಳು ತಣಿದು ಪೆಡಲು ಮೇಲೆ ಬಂತು. ಆದರೂ ಅದನ್ನು ನಂಬುವ ಧೈರ್ಯವಾಗಲಿಲ್ಲ. ಆಗ ನೆರವಿಗೆ ಬಂದುದು ನಾಲ್ಕು ಚಕ್ರದ ಏರ್ಪಾಡು. ಬಂದ ರೀತಿ ಮಾತ್ರ ಕೊಂಚ ವಕ್ರ. ನಮ್ಮ ಗಾಡಿಯಂಥವುಗಳಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಓಡಬೇಕಾಗುತ್ತದೆ. ಕೆಸರಿನಲ್ಲಾದರೆ ಆ ವ್ಯತ್ಯಾಸ ಚಕ್ರ ಜಾರಿ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರುವಂತಿಲ್ಲ. ತಿರುಚು ಷಾಫ್ಟುಗಳಲ್ಲೇ ಸೇರಿ, ಸ್ಟಿಯರಿಂಗು ಬಿಗಿದು, ಸನ್ನೆ ಕಚ್ಚಿಕೊಂಡು ಕೂರುತ್ತದೆ. ಆದುದರಿಂದ ಒಣ ಘಟ್ಟರಸ್ತೆಯಲ್ಲಿ ನಾಲ್ಕು ಚಕ್ರವನ್ನು ಹಾಕಲಾಗದು. ಆದರೆ ಎಂಜಿನ್ನಿನ ಹಿಡಿತವನ್ನು ಸುಮಾರು ಎರಡೂವರೆ ಪಟ್ಟು ಹೆಚ್ಚಿಸುವ 'ಲೋ' ಗೇರು ದೊರೆಯುವುದೂ ಆ ಸನ್ನೆಯಲ್ಲಿಯೇ. ಮುಂದಿನ ಚಕ್ರಗಳ ಹಬ್ಬುಗಳನ್ನು ಕೈಯಿಂದ 'ಫ್ರೀ' ಎಂಬಲ್ಲಿಗೆ ತಿರುಗಿಸಿಟ್ಟರೆ, ಸನ್ನೆ ಲೋದಲ್ಲಿದ್ದರೂ ಬಲ ಹಿಂದಿನ ಚಕ್ರಗಳಿಗೆ ಮಾತ್ರ ಹೋಗುತ್ತದೆ; ಮುಂದಿನವು ತಮ್ಮಷ್ಟಕ್ಕೆ ಉರುಳುತ್ತವೆ. ಹಾಗೆ ಮಾಡಿ, ಲೋ ಎರಡನೆಯ ಗೇರಿನಲ್ಲಿ ಗಂಟೆಗೆ ಏಳೆಂಟು ಕಿಲೋಮೀಟರಿನ ನಡಿಗೆಯಲ್ಲಿ, ಬ್ರೇಕನ್ನು ತಿರುವಿಗೊಮ್ಮೆ ಮುಟ್ಟಿಯೂ ಮುಟ್ಟದಂತೆ, ಉಳಿದ ಹದಿನೇಳು ತಿರುವುಗಳನ್ನು ಇಳಿದೆವು. ಹಿಂದಿನಿಂದ ಹಾರ್ನ್ ಒತ್ತಿದವರೆಲ್ಲರಿಗೂ ದಾರಿ ಬಿಟ್ಟೆವು. ಬಣ್ಣಾರಿಯ ಬಯಲಿಗೆ ಬಂದಾಗ ಅಮ್ಮ, "ಇಪ್ಪತ್ತೇಳೇ ಮಗಾ, ಲೆಕ್ಕ ಸರಿಯಿದೆ" ಎಂದರು. ನಡುವೆ ಏನಾಯಿತೆಂದು ಅವರು ಕೇಳಲಿಲ್ಲ. ಗೊತ್ತಾಗಲಿಲ್ಲವೆಂದು ನಾವೇನೂ ಭಾವಿಸಿಲ್ಲ. ಹೊಸ ಎಣ್ಣೆಯನ್ನು ಸತ್ಯಮಂಗಲದಲ್ಲಿ, ಈ ಸಲ ಪಕ್ಕದಲ್ಲಿಯೇ ನಿಂತು ಹಾಕಿಸಿದೆವು.

ಇನ್ನು ವಾಚಕಿಯ ಮಗನ ಪಟ್ಟಿಗೆ ಬರೋಣ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರ ಮೂಲ ನಿರ್ದೇಶಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿದಿದೆ. ಮುಂದಿನ ಕಬ್ಬಿಣದ ಕಂಬಿಯ ವಿರುದ್ಧ ಕೇಂದ್ರ ಸರಕಾರ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆದಿದೆ. ಕಂಬಿಯನ್ನೂ ಅಗಲದ ಟಯರನ್ನೂ ಆತ ಮರೆಯುವುದು ಲೇಸು. ಗುಡಾರದ ಭಾರ ಮಾಡಿನ ಮೇಲೇರಿದರೆ ಗಾಡಿ ತಿರುವಿನಲ್ಲಿ ಹೊರಳುವ ಅಪಾಯ ಹೆಚ್ಚು. ಅದು ಒಳಗೇ ಇರಲಿ. ನೀರಿನ ಕ್ಯಾನು ನಲವತ್ತು ಲೀಟರಿನದಾದರೆ ನಲವತ್ತು ಕಿಲೋ ತೂಕ. ಅದು ನೆಲಕ್ಕೆ ಹತ್ತಿರ, ಮುಂದಿನ ಆಸನದ ಬೆನ್ನಿಗೆ ಬಿಗಿದಿರಬೇಕು. ಮಂಚವೆಂದರೆ ಆಸನಗಳ ನಡುವೆ ಇಟ್ಟು ತೆಗೆಯಬಹುದಾದ ಎರಡು ಹಲಗೆ ಸಾಕು. ರಾತ್ರಿಯ ದೀಪ ಮತ್ತು ಫ್ಯಾನಿಗಾಗಿ ಎರಡನೆಯ ಬ್ಯಾಟರಿಯನ್ನು ಇಡುವುದಾದರೆ ಎಂಜಿನ್ ನಿಂತಾಗ ಎರಡನ್ನೂ ಬೇರ್ಪಡಿಸುವ ರಿಲೇ, ಮತ್ತು ಬ್ಯಾಟರಿಯ ಬಾಯಲ್ಲೇ ಫ್ಯೂಜು, ಇವೆರಡೂ ಇಲ್ಲದೆ ತಂತಿ ಎಳೆಯಬಾರದು.

ದುಡ್ಡನ್ನು ಸುರಿಯಬೇಕಾದುದು ಕಣ್ಣಿಗೆ ಕಾಣದ ಕಡೆ. ಡೀಸೆಲ್ ಫಿಲ್ಟರಿನ ತಳದಲ್ಲಿ ನಿಂತ ನೀರನ್ನು ಮಳೆಗಾಲದಲ್ಲಿ ಆಗಾಗ ಹೊರಬಿಡಬೇಕು. ಆ ನೀರು ಇಂಜೆಕ್ಷನ್ ಪಂಪನ್ನು ಸೇರಿದರೆ ಮನೆಯ ಒಂದು ತಿಂಗಳ ಖರ್ಚು ಅಲ್ಲಿಯೇ ಹೋದಂತೆ. ಪ್ರೊಪೆಲ್ಲರ್ ಷಾಫ್ಟಿನ ಕ್ರಾಸುಗಳಿಗೆ, ಪ್ಲೇಟುಗಳ ಷ್ಯಾಕಲುಗಳಿಗೆ ಗ್ರೀಸು ತುಂಬಬೇಕು. ಹೊಳೆ ದಾಟಿ ಬಂದ ಬಳಿಕ ಡಿಫರೆನ್ಷಿಯಲ್ಲಿನ ಎಣ್ಣೆಯನ್ನು ಬೆರಳಿಗೆ ತಾಗಿಸಿ ನೋಡಿ. ಹಾಲು ಬೆರೆಸಿದ ಚಹಾದ ಬಣ್ಣವಿದ್ದರೆ ನೀರು ಹೊಕ್ಕಿದೆ, ಅಂದೇ ಬದಲಿಸಬೇಕು.

ಗಡಿನಾಡಿನವರಾದ ನಮಗೆ ಇನ್ನೊಂದು ತೊಡಕುಂಟು. ತಲಪಾಡಿಯ ಆಚೆ ಗಾಡಿ ಅಗ್ಗವೆಂದು ಕೊಂಡು ತಂದವರು, ಹನ್ನೆರಡು ತಿಂಗಳಿಗೆ ಮೀರಿ ಈಚೆ ಇರಿಸುವುದಾದರೆ ಇಲ್ಲಿಯ ನಂಬರು ಪಡೆಯಲೇಬೇಕು. ಅದಕ್ಕೆ ಆಚೆಯ ಕಚೇರಿಯ ನಿರಾಕ್ಷೇಪಣಾ ಪತ್ರ (28ನೆಯ ನಮೂನೆ), ಈಚೆ 27ನೆಯ ನಮೂನೆಯ ಅರ್ಜಿ, ಮೇಲೆ ತೆರಿಗೆ. ಹದಿನೈದು ವರ್ಷ ದಾಟಿದ್ದರೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ನಿರಾಕ್ಷೇಪಣಾ ಪತ್ರ ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡವೆಂದು ಮಗನಿಗೆ ಹೇಳಿರಿ. ನೋಡಲು ಹೋದಾಗ ಎಂಜಿನ್ ತಣ್ಣಗಿರುವಂತೆಯೇ ಸ್ಟಾರ್ಟ್ ಮಾಡಿಸಲಿ, ಸನ್ನೆಯನ್ನು ಲೋಗೆ ಹಾಕಿ ಕೆಸರಿನಲ್ಲಿ ಹತ್ತು ಮಾರು ಓಡಿಸಲಿ. ಹಳೆಯ ಗಾಡಿಗಳಲ್ಲಿ ವರ್ಷಗಟ್ಟಲೆ ಮುಟ್ಟದೆ ತುಕ್ಕು ಹಿಡಿದಿರುವುದು ಅದೇ ಸನ್ನೆ.

ಪತ್ರದ ಕೊನೆಯಲ್ಲಿ ಹಾಸಿಗೆಗೆ ಹತ್ತಿ ಒಳ್ಳೆಯದೋ ನಾರೋ ಎಂದೂ ಕೇಳಿದ್ದಾರೆ. ಹತ್ತಿಯದು ನಮ್ಮ ಕಡೆಯ ತೇವಕ್ಕೆ ಮುಗ್ಗುತ್ತದೆ. ನಾವು ಇಟ್ಟುಕೊಂಡಿರುವುದು ಎರಡು ಚಾಪೆ, ಒಂದು ಜಮಖಾನ. ಅಮ್ಮನಿಗೆ ಮಾತ್ರ ಅವರದೇ ದಿಂಬು.