ಅಪ್ಪನ ಪೆನ್ಶನ್, ನನ್ನ ಸೊನ್ನೆ

ಕಳೆದ ಸಲ ಅರಸೀಕೆರೆಗೆ ಹೋದಾಗ ಅಪ್ಪನ ಜೀವಿತ ಪ್ರಮಾಣಪತ್ರ ಮಾಡಿಸೋ ಕೆಲಸ ನನ್ನ ಪಾಲಿಗೆ ಬಂತು. ಈಗ ಫೋನಿನ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿದರೆ ಮುಗೀತು. ‘ಬದುಕಿದ್ದೀನಿ ಅಂತ ನಿನ್ನ ಫೋನು ಒಪ್ಕೊಳ್ತಾ?’ ಅಂತ ಅಪ್ಪ ನಕ್ಕರು. ಆಮೇಲೆ ಕೇಳಿದರು, ‘ನಿಂಗೆಷ್ಟು ಬರುತ್ತಪ್ಪಾ ಪೆನ್ಶನ್ನು?’

ಗೊತ್ತಿರಲಿಲ್ಲ. ರಾತ್ರಿ ಲ್ಯಾಪ್‌ಟಾಪ್ ತೆಗೆದು ಕೂತೆ.

ಅಪ್ಪ 2006ಕ್ಕೆ ಮೊದಲೇ ಸೇರಿದ ಸರ್ಕಾರಿ ಮೇಷ್ಟ್ರು. ಕೊನೆಯ ಮೂಲವೇತನದ ಅರ್ಧದಷ್ಟು ಬರುತ್ತೆ, ತುಟ್ಟಿಭತ್ಯೆ ಏರಿದಂತೆ ಅದೂ ಏರುತ್ತೆ. ಅವರ ನಂತರ ಅಮ್ಮನಿಗೆ ಕುಟುಂಬ ಪಿಂಚಣಿ.

ನಮ್ಮಂಥ ಖಾಸಗಿ ನೌಕರರಿಗಿರೋದು ಇಪಿಎಸ್. 2014ರಲ್ಲಿ ಅದರ ಸಂಬಳ ಮಿತಿ 15,000 ರೂಪಾಯಿ ಆಯ್ತು. ಸಂಬಳವನ್ನು ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಆ ಮಿತಿಯಲ್ಲಿ 35 ವರ್ಷ ದುಡಿದರೂ ತಿಂಗಳಿಗೆ 7,500. ತುಟ್ಟಿಭತ್ಯೆ ಇಲ್ಲ.

ನನಗೆ ಅದೂ ಇಲ್ಲ! ಮೊದಲ ಕೆಲಸ ಬಿಟ್ಟಾಗ ಬೈಕ್ ತಗೊಳ್ಳೋಕೆ ಪಿಎಫ್ ಜೊತೆ ಪೆನ್ಶನ್ ದುಡ್ಡನ್ನೂ ತೆಗೆದುಬಿಟ್ಟಿದ್ದೆ. ಹೊಸ ಕಂಪನಿಯಲ್ಲಿ ಬೇಸಿಕ್ 15,000 ದಾಟಿತ್ತು. ಹಾಗೆ ಹೊಸದಾಗಿ ಸೇರಿದವರಿಗೆ ಇಪಿಎಸ್‌ನಲ್ಲಿ ಜಾಗವಿಲ್ಲ. ಕಂಪನಿಯ ಪಾಲು ಪೂರ್ತಿ ಪಿಎಫ್‌ಗೇ ಹೋಗುತ್ತೆ. ಪಾಸ್‌ಬುಕ್‌ನ ಪೆನ್ಶನ್ ಕಾಲಮ್ಮಿನಲ್ಲಿ ತಿಂಗಳು ತಿಂಗಳೂ ಸೊನ್ನೆ. ಆರು ವರ್ಷ ಅದನ್ನು ನೋಡೇ ಇರಲಿಲ್ಲ.

ಇನ್ನೊಂದು ಲೆಕ್ಕ ಹಾಕಿದೆ. ಈಗ ಮನೆ ಖರ್ಚು 30,000 ಅಂದ್ಕೊಳ್ಳಿ. ಬೆಲೆಗಳು ವರ್ಷಕ್ಕೆ ಶೇ 6ರಷ್ಟು ಏರಿದರೆ, ನನಗೆ 58 ಆಗೋ ಹೊತ್ತಿಗೆ ಅದೇ ಅನ್ನ-ಸಾರಿಗೆ ಒಂದೂವರೆ ಲಕ್ಷ ಬೇಕು.

ಬೆಳಿಗ್ಗೆ ಕಾಫಿ ಕುಡಿಯುತ್ತಾ ‘ಸೊನ್ನೆ ಅಪ್ಪಾ’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರೆ ನಿಂಗೆ ನೀನೇ ಸರ್ಕಾರ ಆಗ್ಬೇಕು’ ಅಂದರು.

ಬೆಂಗಳೂರಿಗೆ ಬಂದ ವಾರವೇ ವಿಪಿಎಫ್ ಶುರು ಮಾಡಿದೆ. ಎನ್‌ಪಿಎಸ್ ಖಾತೆ ತೆರೆದು ತಿಂಗಳಿಗೆ 5,000 ತಾನಾಗೇ ಕಟ್ ಆಗೋ ಹಾಗೆ ಮಾಡಿದೆ. ಸಂಬಳ ಏರಿದಾಗಲೆಲ್ಲ ಅದನ್ನೂ ಏರಿಸಬೇಕು ಅಂತ ನಿರ್ಧಾರ.

ನೀವು ಕೆಲಸ ಬದಲಾಯಿಸ್ತಾ ಇದ್ದೀರಾ? ಪಿಎಫ್ ತೆಗೀಬೇಡಿ, ವರ್ಗಾಯಿಸಿ. ಇಪಿಎಸ್‌ನಲ್ಲಿ ಹತ್ತು ವರ್ಷ ಸೇವೆ ಆದರೆ ಮಾತ್ರ ತಿಂಗಳ ಪೆನ್ಶನ್ ಸಿಗೋದು. ನಡುವೆ ತೆಗೆದರೆ ಆ ವರ್ಷಗಳು ಹೋದಂತೆಯೇ. ಇವತ್ತೇ ಪಾಸ್‌ಬುಕ್ ತೆಗೆದು ಪೆನ್ಶನ್ ಕಾಲಮ್ ನೋಡಿ.

ಬೈಕ್ ಈಗ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಧೂಳು ತಿಂತಾ ನಿಂತಿದೆ. ಮೆಟ್ರೋದಲ್ಲಿ ಆಫೀಸಿಗೆ ಹೋಗ್ತೀನಿ.