ಬಾವಿಯ ಸುತ್ತಲಿನ ನಲವತ್ತು ಮೊಳ

ಮಸೀದಿಯ ಕೊಳವೆಬಾವಿಯ ನೀರಿಗೆ ಪೆಟ್ರೋಲಿನ ವಾಸನೆ ತಗುಲಿದರೆ ನಾವು ಉಲಮಾಗಳಲ್ಲಿ ಕೇಳುವ ಮೊದಲ ಪ್ರಶ್ನೆ, ಈ ನೀರಿನಿಂದ ವುಝೂ ಸಿಂಧುವಾಗುವುದೇ ಎಂಬುದು. ನ್ಯಾಯವಾದ ಪ್ರಶ್ನೆಯೇ. ನೀರಿನೊಂದಿಗೆ ಬೆರೆಯದೆ ಕೇವಲ ಅದರ ಸಾಮೀಪ್ಯದಲ್ಲಿರುವ ಎಣ್ಣೆಯಿಂದ ವಾಸನೆ ಬದಲಾದರೂ ನೀರಿನ ಶುದ್ಧೀಕರಣ ಗುಣ ಹೋಗದು ಎಂದು ಶಾಫಿಈ ಕರ್ಮಶಾಸ್ತ್ರ ಹೇಳುತ್ತದೆ. ಆದರೆ ಆ ಮಹಾನುಭಾವರ ಕಣ್ಣ ಮುಂದಿದ್ದುದು ದೀಪಕ್ಕೂ ತಲೆಗೂ ಹಾಕುವ ಎಣ್ಣೆ. ಪೆಟ್ರೋಲಿನ ಬಹುಭಾಗ ತೇಲುತ್ತದೆ ನಿಜ. ಅದರೊಳಗಿನ ಬೆಂಝೀನ್ ಮಾತ್ರ ಸದ್ದಿಲ್ಲದೆ ನೀರಿನಲ್ಲಿ ಕರಗುತ್ತದೆ. ಅದು ಕ್ಯಾನ್ಸರ್‌ಕಾರಕ. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ಮೂಗಿಗೆ ತಿಳಿಯಬೇಕಾದರೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರಬೇಕು. ಬಣ್ಣ, ರುಚಿ, ವಾಸನೆ ಮೂರೂ ಕೆಡದ ನೀರು ಕೂಡ ನಮ್ಮ ಮಕ್ಕಳಿಗೆ ವಿಷವಾಗಿರಬಹುದು ಎಂದಾಯಿತು.

ವುಝೂವಿನ ತೀರ್ಪನ್ನು ಉಲಮಾಗಳಿಗೆ ಬಿಡೋಣ. ನಾವು ಕೇಳದೆ ಉಳಿದ ಇನ್ನೊಂದು ಪ್ರಶ್ನೆಯಿದೆ. ಈ ನೀರನ್ನು ಕೆಡಿಸಿದವರು ಯಾರು? ಸರಿಪಡಿಸಬೇಕಾದವರು ಯಾರು?

ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಈ ಪ್ರಶ್ನೆ ದೂರದ್ದಲ್ಲ. ಬಂಕುಗಳ ನೆಲದಡಿಯ ಟ್ಯಾಂಕುಗಳು, ಐಟಿ ಕಟ್ಟಡಗಳ ಜನರೇಟರುಗಳಿಗೆ ಕೂಡಿಟ್ಟ ಡೀಸೆಲ್, ಸಾಲುಸಾಲು ಗ್ಯಾರೇಜುಗಳು ಅಲ್ಲಿವೆ. ಮಂಗಳೂರಿನಿಂದ ಹಾಸನದ ಮೂಲಕ ಬರುವ ಇಂಧನ ಕೊಳವೆಮಾರ್ಗ ಕೊನೆಗೊಳ್ಳುವುದೂ ವೈಟ್‌ಫೀಲ್ಡಿನಾಚೆಯ ದೇವನಗೊಂದಿಯಲ್ಲಿ. ಬೆಂಗಳೂರಿನ ನೆಲವೋ, ಮೇಲೆ ಸಡಿಲ ಮಣ್ಣು, ಕೆಳಗೆ ಬಿರುಕುಬಿಟ್ಟ ಬಂಡೆ. ಮೇಲಿನ ಮಣ್ಣಿಗೆ ಸೋರಿದ್ದು ಯಾವ ಬಿರುಕು ಹಿಡಿದು ಯಾರ ಬೋರ್‌ವೆಲ್ ಸೇರುತ್ತದೆಂದು ಹೊರಗಿನಿಂದ ಹೇಳಲಾಗದು. ಪೀಣ್ಯದ ಅಂತರ್ಜಲಕ್ಕೆ ಲೋಹಲೇಪನ ಘಟಕಗಳ ಕ್ರೋಮಿಯಂ ಇಳಿದದ್ದು ಇದೇ ದಾರಿಯಲ್ಲಿ. ಲೀಟರಿಗೆ 0.05 ಮಿಲಿಗ್ರಾಂ ಎಂಬ ಮಿತಿಯನ್ನು ಅದು ದಾಟಿರುವುದನ್ನು ಪರೀಕ್ಷೆಗಳು ಮತ್ತೆ ಮತ್ತೆ ತೋರಿಸಿವೆ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತದ ನೀರು ಹೊರವಲಯದ 110 ಹಳ್ಳಿಗಳತ್ತ ಹರಿಯತೊಡಗಿದ ಮೇಲೆ, ಬೋರ್‌ವೆಲ್ ಕೆಟ್ಟರೆ ಕೆಡಲಿ ಎಂಬ ಉದಾಸೀನ ಸುಲಭ. ಟ್ಯಾಂಕರ್ ನೀರು ಕುಡಿಯುವ ಬಾಡಿಗೆ ಕೋಣೆಯ ಕಾರ್ಮಿಕನಿಗೆ ಆ ಉದಾಸೀನದ ಸೌಕರ್ಯವಿಲ್ಲ. ಟ್ಯಾಂಕರಿನ ನೀರು ಬರುವುದೂ ಯಾವುದೋ ಬೋರ್‌ವೆಲ್ಲಿನಿಂದಲೇ ತಾನೆ!

ಇಸ್ಲಾಮ್ ಬಾವಿಗೆ ಒಂದು ರಕ್ಷಿತ ವಲಯವನ್ನು ಕೊಟ್ಟಿದೆ. ಬಾವಿ ತೋಡಿದವನಿಗೆ ಅದರ ಸುತ್ತಲಿನ ನಲವತ್ತು ಮೊಳ ಜಾಗದ ಹಕ್ಕಿದೆ ಎಂಬ ಹದೀಸನ್ನು ಇಬ್ನು ಮಾಜಃ ವರದಿ ಮಾಡಿದ್ದಾರೆ. ಈ ವಲಯಕ್ಕೆ ಹರೀಮ್ ಎನ್ನುತ್ತಾರೆ. ನೆರೆಯವನ ಬಾವಿ ಕೆಡುವಂತೆ ತನ್ನ ಜಾಗದಲ್ಲೇ ಶೌಚಗುಂಡಿ ತೋಡುವುದನ್ನೂ ಮಾಲಿಕಿ ಮತ್ತು ಹಂಬಲಿ ವಿದ್ವಾಂಸರು ತಡೆದಿದ್ದಾರೆ. ಸ್ವತಃ ಹಾನಿ ಮಾಡಿದವನು, ಉದ್ದೇಶವಿರಲಿಲ್ಲ ಎಂದ ಮಾತ್ರಕ್ಕೆ ಪರಿಹಾರದ ಹೊಣೆಯಿಂದ ಪಾರಾಗುವುದಿಲ್ಲ. ಹೊಸ ಬಂಕುಗಳು ಶಾಲೆ, ಆಸ್ಪತ್ರೆ, ವಸತಿಗಳಿಂದ 50 ಮೀಟರ್ ದೂರವಿರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಜನವರಿಯಲ್ಲಿ ಹೇಳಿದಾಗ ನಮಗೆ ನೆನಪಾಗಬೇಕಾದದ್ದು ಹರೀಮ್. (ಅನಿವಾರ್ಯವಾದರೆ 30 ಮೀಟರ್ ಎಂಬ ರಿಯಾಯಿತಿಯೂ ಅದರಲ್ಲೇ ಇದೆ, ಅನಿವಾರ್ಯತೆ ನಮ್ಮಲ್ಲಿ ಬಹಳ ಬೇಗ ಹುಟ್ಟುತ್ತದೆ.)

2025ರ ಜುಲೈಯಲ್ಲಿ ಕೇಂದ್ರ ಸರಕಾರ ಕಲುಷಿತ ತಾಣಗಳ ನಿರ್ವಹಣಾ ನಿಯಮಗಳನ್ನು ಹೊರಡಿಸಿದೆ. ಜಿಲ್ಲಾಡಳಿತವು ಸಂಶಯಾಸ್ಪದ ತಾಣಗಳನ್ನು ಆರು ತಿಂಗಳಿಗೊಮ್ಮೆ ಪಟ್ಟಿಮಾಡಬೇಕು. ರಾಜ್ಯ ಮಂಡಳಿ 90 ದಿನಗಳಲ್ಲಿ ಪ್ರಾಥಮಿಕ ಪರಿಶೀಲನೆ ನಡೆಸಬೇಕು. ಕೆಡಿಸಿದವನೇ ಶುದ್ಧೀಕರಣದ ವೆಚ್ಚ ಭರಿಸಬೇಕು. ಆದರೆ ಯಾರೂ ದೂರದ ನೆಲ ಪಟ್ಟಿ ಸೇರುವುದೆಂತು? ಜಮಾಅತ್ ಸಮಿತಿಗಳು ಮಾಡಬೇಕಾದ ಕೆಲಸ ಇಲ್ಲಿದೆ. ನೀರಿನ ಪರೀಕ್ಷಾ ವರದಿಯೊಂದಿಗೆ ಲಿಖಿತ ದೂರು ಕೊಡಬೇಕು, ನೆರೆಯ ಮುಸ್ಲಿಮೇತರರನ್ನೂ ಜತೆಗೂಡಿಸಿಕೊಳ್ಳಬೇಕು. ಬಿರುಕಿನಲ್ಲಿ ಹರಿಯುವ ನೀರು ಮೊಹಲ್ಲಾದ ಗಡಿ ನೋಡುವುದಿಲ್ಲ.

ಮಸೀದಿಯ ಟೆರೇಸಿನಲ್ಲೊಂದು ಫಿಲ್ಟರ್ ಕೂಡಿಸಿದರೆ ಸಾಕೆಂಬ ವಾದವನ್ನು ನಾವು ಒಪ್ಪುವುದಿಲ್ಲ. ನೆಲವನ್ನು ಶುದ್ಧಗೊಳಿಸುವುದು ತಾಳ್ಮೆಯ ಕೆಲಸ. ಮೊದಲು ಸೋರಿಕೆ ನಿಲ್ಲಿಸಬೇಕು. ಸುತ್ತ ವೀಕ್ಷಣಾ ಬಾವಿಗಳನ್ನು ಕೊರೆದು, ಎಣ್ಣೆ ಎಲ್ಲಿಯವರೆಗೆ ಹಬ್ಬಿದೆಯೆಂದು ಅಳೆಯಬೇಕು. ತೇಲುವ ಪದರವನ್ನು ಎತ್ತಿ, ಮಣ್ಣಿನೊಳಗಿನ ಆವಿಯನ್ನು ಹೀರಿ, ನೀರನ್ನು ಮೇಲೆತ್ತಿ ಶೋಧಿಸಬೇಕು. ಉಳಿದ ಎಣ್ಣೆಯನ್ನು ತಿನ್ನುವ ಸೂಕ್ಷ್ಮಜೀವಿಗಳನ್ನೂ ಅಲ್ಲಾಹನು ಸೃಷ್ಟಿಸಿದ್ದಾನೆ. ದಿಲ್ಲಿಯ ಟೆರಿ ಸಂಸ್ಥೆ ಅಂತಹ ಬ್ಯಾಕ್ಟೀರಿಯಾಗಳ ಮಿಶ್ರಣವನ್ನು ತಯಾರಿಸಿ ತೈಲಕೆಸರಿನ ಮೇಲೆ ಬಳಸಿದೆ. ಇದಕ್ಕೆಲ್ಲ ವರ್ಷಗಳೇ ಹಿಡಿಯಬಹುದು.

ದೂರು ಕೊಡುವ ಮೊದಲು ನಮ್ಮ ಅಂಗಳವನ್ನೂ ನೋಡಬೇಕು. ಬೆಂಗಳೂರಿನ ಮೆಕ್ಯಾನಿಕ್ ಶೆಡ್ಡುಗಳಲ್ಲಿ, ಗುಜರಿ ಅಂಗಡಿಗಳಲ್ಲಿ ದುಡಿಯುವವರಲ್ಲಿ ನಮ್ಮ ಹುಡುಗರು ಬಹಳ. ಇಂಜಿನ್ನಿನಿಂದ ಬಸಿದ ಕಪ್ಪು ಆಯಿಲ್ ಚರಂಡಿಗೆ ಹೋಗುತ್ತದೆಯೇ, ನೋಂದಾಯಿತ ಮರುಬಳಕೆದಾರನಿಗೆ ಹೋಗುತ್ತದೆಯೇ? ಜನರು ನೀರಿಗಾಗಿ ಬರುವ ಸ್ಥಳವನ್ನು ಹೊಲಸು ಮಾಡುವುದು ಶಾಪಕ್ಕೆ ಕಾರಣವೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಜುಮಾ ಖುತುಬಾದಲ್ಲಿ ಈ ಹದೀಸ್ ಕೇಳಿಬಂದಾಗ ಗ್ಯಾರೇಜಿನ ಹೆಸರೂ ಬರಲಿ.

ವಕ್ಫ್ ಆಸ್ತಿಯ ಮಾತು ಇನ್ನೂ ಗಂಭೀರ. ಹಝ್ರತ್ ಉಸ್ಮಾನ್(ರ) ರೂಮಾ ಬಾವಿಯನ್ನು ಕೊಂಡು ಜನರಿಗೆ ಬಿಟ್ಟುಕೊಟ್ಟರು. ಅವರ ಮಾದರಿಯನ್ನು ಕೊಂಡಾಡುವ ನಾವು, ವಕ್ಫ್ ಜಾಗವನ್ನು ಬಂಕಿಗೋ ಗ್ಯಾರೇಜಿಗೋ ಬಾಡಿಗೆಗೆ ಕೊಡುವಾಗ ಮುಂಗಡದ ಮೊತ್ತವನ್ನಷ್ಟೇ ಚರ್ಚಿಸಿದರೆ ಸಾಲದು. ಕರಾರಿಗೆ ಸಹಿ ಹಾಕುವ ಮುನ್ನ ಅಲ್ಲಿನ ಮಣ್ಣು ಮತ್ತು ನೀರಿನ ಪರೀಕ್ಷೆ ನಡೆದು, ವರದಿ ಮುತವಲ್ಲಿಯ ಕಡತದಲ್ಲಿರಬೇಕು. ಬಾಡಿಗೆದಾರ ಜಾಗ ಬಿಡುವಾಗ ಅದೇ ಪರೀಕ್ಷೆ ಮತ್ತೊಮ್ಮೆ ನಡೆಯಬೇಕು. ಎರಡು ವರದಿಗಳ ನಡುವೆ ಕೆಟ್ಟದ್ದನ್ನು ಸರಿಪಡಿಸುವವರೆಗೆ ಮುಂಗಡ ಹಿಂದಿರುಗದೆಂಬ ಷರತ್ತು ಕರಾರಿನಲ್ಲೇ ಇರಬೇಕು.