ಬೊಂಬೆಯ ಎದೆಗೆ ಕಿವಿಗೊಟ್ಟು

ಮೈಟ್ರಲ್ ಕವಾಟವು ಸಂಕುಚಿತಗೊಂಡ ಹೃದಯದಿಂದ ಹೊರಡುವ ಮರ್ಮರವು ಅತಿ ಮಂದ್ರವಾದುದು. ರೋಗಿಯನ್ನು ಎಡಮಗ್ಗುಲಿಗೆ ಹೊರಳಿಸಿ, ಉಸಿರನ್ನು ಹೊರಬಿಡಿಸಿ, ಸ್ಟೆತಾಸ್ಕೋಪಿನ ಗಂಟೆಯಾಕಾರದ ತುದಿಯನ್ನು ಹೃದಯಾಗ್ರದ ಮೇಲೆ ಹಗುರವಾಗಿ ಇರಿಸಿ ಆಲಿಸಿದಲ್ಲದೆ ಅದು ಸುಲಭವಾಗಿ ಕಿವಿಗೆ ದಕ್ಕುವುದಿಲ್ಲ. ದಕ್ಕಿದರೂ ಪಳಗದ ಕಿವಿ ಅದನ್ನು ಗುರುತಿಸಲಾರದು. ಇಂಥ ಕಿವಿಯನ್ನು ಪಳಗಿಸಿಕೊಳ್ಳಲು ನಮ್ಮ ವೈದ್ಯವಿದ್ಯಾರ್ಥಿಗಳಿಗೆ ಬಹುಕಾಲ ಒದಗಿದ್ದು ಸರ್ಕಾರಿ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮಲಗಿದ ಬಡವರ ಎದೆಯೇ. ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟವರು ಬಹುಮಟ್ಟಿಗೆ ಬಡವರಾದುದರಿಂದ ‘ಒಳ್ಳೆಯ ಕೇಸು’ ಎಂಬ ಬಿರುದೂ ಅವರಿಗೇ ಸಲ್ಲುತ್ತದೆ. ಪರೀಕ್ಷೆಯ ದಿನಗಳಲ್ಲಿ ಏದುಸಿರು ಬಿಡುತ್ತಿರುವ ರೋಗಿಯು ಒಬ್ಬನಾದ ಮೇಲೊಬ್ಬ ವಿದ್ಯಾರ್ಥಿಗೆ ಮಗ್ಗುಲು ಬದಲಿಸಿಕೊಡಬೇಕಾಗುತ್ತದೆ.

ಆದಕಾರಣ ಮೊದಲ ಪಾಠವು ಕೃತಕವಾದ ಎದೆಯ ಮೇಲೆಯೇ ನಡೆಯತಕ್ಕದ್ದೆಂಬುದನ್ನು ನಾನು ಆ ರೋಗಿಗೆ ಸಲ್ಲಬೇಕಾದ ನ್ಯಾಯವೆಂದು ಭಾವಿಸುತ್ತೇನೆ. 1968ರಲ್ಲಿ ಅಮೆರಿಕದ ಮಯಾಮಿ ವಿಶ್ವವಿದ್ಯಾನಿಲಯದ ಮೈಕೇಲ್ ಗಾರ್ಡನ್ ಎಂಬ ವೈದ್ಯರು ತಮ್ಮ ಗುರುಗಳಾದ ಪ್ರಾಕ್ಟರ್ ಹಾರ್ವಿಯವರ ಹೆಸರಿಟ್ಟು ಲೋಕಕ್ಕೆ ತೋರಿಸಿದ ಪ್ರತಿಮೆಯ ಪರಂಪರೆಯು ನಾಡಿಯ ಮಿಡಿತವನ್ನೂ ಕತ್ತಿನ ಅಭಿಧಮನಿಯ ಅಲೆಯನ್ನೂ ತೋರುತ್ತ, ಬೇಕೆಂದ ರೋಗದ ಮರ್ಮರವನ್ನು ಬೇಕೆಂದಷ್ಟು ಸಲ ಬೇಸರಿಸದೆ ಕೇಳಿಸುತ್ತದೆ. (ಇಂಥದೊಂದು ಗುರುದಕ್ಷಿಣೆ ನಮ್ಮ ಪುರಾಣಿಕರಿಗೂ ಹೊಳೆದಿರಲಾರದು.) ನಮ್ಮಲ್ಲಿಯೂ 2019ರ ಹೊಸ ಪಠ್ಯಕ್ರಮದೊಡನೆ ಕೌಶಲ ಪ್ರಯೋಗಾಲಯಗಳು ವೈದ್ಯಕೀಯ ಕಾಲೇಜುಗಳಿಗೆ ಪ್ರವೇಶಿಸಿವೆ. ಆದರೆ ಪಕ್ಕದಲ್ಲಿ ಕುಳಿತು ‘ಈಗ ಕೇಳಿಸಿತೆ?’ ಎನ್ನುವ ಅಧ್ಯಾಪಕನಿಲ್ಲದಿದ್ದರೆ, ಪರಿವೀಕ್ಷಕರ ಕಣ್ಣಿಗಾಗಿ ಕೊಂಡ ಬೊಂಬೆ ಬರಿಯ ರಬ್ಬರು.

ಪರೀಕ್ಷಾವಿಧಾನದ ಬಗೆಗೆ ನನ್ನದೊಂದು ತಕರಾರುಂಟು. 1975ರಲ್ಲಿ ಡಂಡೀಯ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ಲೋಕಕ್ಕೆ ಪರಿಚಯಿಸಿದ ಓಸ್ಕಿ ಎಂಬ, ಎಲ್ಲ ವಿದ್ಯಾರ್ಥಿಗಳಿಗೂ ಒಂದೇ ಗೊತ್ತುಪಡಿಸಿದ ಪಟ್ಟಿಯಂತೆ ಅಂಕವಿಡುವ ಪ್ರಾಯೋಗಿಕ ಪರೀಕ್ಷೆಯ ಪದ್ಧತಿಯು ಪಕ್ಷಪಾತವನ್ನು ತಗ್ಗಿಸಿತೆಂಬುದು ದಿಟವೇ. ಆದರೂ ಕೈ ತೊಳೆದನೆ, ಅನುಮತಿ ಕೇಳಿದನೆ, ನಾಲ್ಕು ಕವಾಟಗಳ ಸ್ಥಾನಗಳಲ್ಲಿ ಸ್ಟೆತಾಸ್ಕೋಪನ್ನು ಇಟ್ಟನೆ ಎಂದು ಪಟ್ಟಿ ಹಿಡಿದು ಗುರುತು ಹಾಕುವಲ್ಲಿ, ಇಟ್ಟವನಿಗೂ ಕೇಳಿದವನಿಗೂ ಒಂದೇ ಅಂಕ ದೊರೆಯುವ ಅಪಾಯವಿದೆ. ಹೆಸರು ಹೇಳದೆ ಬೊಂಬೆಯಲ್ಲಿ ಒಂದು ಮರ್ಮರವನ್ನು ನುಡಿಸಿ, ಅದು ಹೃದಯಚಕ್ರದ ಯಾವ ಘಟ್ಟದ್ದು, ಯಾವ ಕವಾಟದ್ದು ಎಂದು ವಿದ್ಯಾರ್ಥಿಯಿಂದ ಹೇಳಿಸತಕ್ಕದ್ದು. ಸರಿಯಾಗಿ ಹೇಳಿದವನು ವಾರ್ಡಿಗೆ ಹೋಗಲಿ. ಫ್ಯಾನಿನ ಸದ್ದು, ಅಳುವ ಮಗು, ದಪ್ಪನೆಯ ಎದೆಗೋಡೆ, ತಿರಸ್ಕರಿಸುವ ಹಕ್ಕುಳ್ಳ ರೋಗಿ, ಇವನ್ನೆಲ್ಲ ಕಲಿಸಲು ಬೇರೆ ಶಾಲೆಯಿಲ್ಲ. ತಪ್ಪಿದವನು ಇನ್ನೊಂದು ವಾರ ಬೊಂಬೆಯ ಬಳಿಯೇ ಇರಲಿ.